ಅಡಿಕೆಯಂಗಳದ ಗಾಲ್ಫ್ ಬಲೆ: ಎಂಟು ತಿಂಗಳ ಬಳಕೆ ಮತ್ತು ಹೊಡೆಯುವಾಗ ಲಕ್ಷ್ಯ ಎಲ್ಲಿರಬೇಕೆಂಬ ಪ್ರಶ್ನೆ

ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಉದ್ಯೋಗದಲ್ಲಿದ್ದು, ತೋಟ ನೋಡಿಕೊಳ್ಳುವ ಹೊಣೆ ಬಂದಾಗ ಬದಿಯಡ್ಕದ ಸಮೀಪದ ನಮ್ಮ ಮನೆಗೆ ಮರಳಿದೆ. ಅಲ್ಲಿ ಬಿಟ್ಟು ಬಂದ ಸಂಗತಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗಾಲ್ಫ್. ಕಾಸರಗೋಡಿನ ನಮ್ಮ ಭಾಗದಲ್ಲಿದ್ದು ಮೈದಾನದಲ್ಲಿ ಆಡಬೇಕೆಂದರೆ ನಾನು ತಲಪಾಡಿ ಗಡಿ ದಾಟಿ, ಮಂಗಳೂರು ಪೇಟೆಯನ್ನೂ ದಾಟಿ ಪಿಲಿಕುಳಕ್ಕೆ ಹೋಗುತ್ತೇನೆ. ತೋಟದ ಕೆಲಸವಿರುವವನಿಗೆ ಅದು ತಿಂಗಳಿಗೆ ಎರಡು ಸಲ ಕೈಗೂಡಿದರೆ ಹೆಚ್ಚು. ಉಳಿದ ದಿನಗಳಲ್ಲಿ ಮನೆಯಲ್ಲಿಯೇ ಅಭ್ಯಾಸ ಮಾಡುವುದಕ್ಕೆಂದು ಕಳೆದ ಅಕ್ಟೋಬರಿನಲ್ಲಿ, ಹೊಡೆದ ಚೆಂಡನ್ನು ತಡೆದು ನಿಲ್ಲಿಸುವ ಒಂದು ಗಾಲ್ಫ್ ಬಲೆಯನ್ನು ಆನ್‌ಲೈನಿನಲ್ಲಿ ತರಿಸಿದೆ. ಎಂಟು ತಿಂಗಳು ಹೆಚ್ಚುಕಡಿಮೆ ದಿನವೂ ಬಳಸಿದ ಮೇಲೆ ಅದರ ಬಗ್ಗೆ ಬರೆಯುತ್ತಿದ್ದೇನೆ. ಬಲೆಯ ನೂಲು, ಕೋಲು, ಬೆಲೆಗಳ ವಿಚಾರ ಇಲ್ಲಿ ಇದೆ. ಆದರೆ ಈ ಸಾಮಾನನ್ನು ಬಳಸುವಾಗ ಮನಸ್ಸನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆಯೇ ಇದು ಉಪಕಾರಿಯೋ ಅಪಕಾರಿಯೋ ಎಂಬುದು ನಿಂತಿದೆ ಎಂದು ನನಗೆ ಮನವರಿಕೆಯಾಗಿರುವುದರಿಂದ, ಬರಹದ ಹೆಚ್ಚಿನ ಭಾಗ ಆ ಕುರಿತೇ ಇರುತ್ತದೆ.

ಪೆಟ್ಟಿಗೆಯಲ್ಲಿ ಬಂದವು ಇವು: 10 ಅಡಿ ಅಗಲ, 7 ಅಡಿ ಎತ್ತರದ ಗಂಟಿಲ್ಲದ ನೇಯ್ಗೆಯ ಪಾಲಿಯೆಸ್ಟರ್ ಬಲೆ, ಅದನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲಿಸುವ ಫೈಬರ್‌ಗ್ಲಾಸ್ ಕೋಲುಗಳು, ನಡುವೆ ನೇತುಹಾಕುವ ವೃತ್ತಗಳಿರುವ ಗುರಿಬಟ್ಟೆ, 5 ಅಡಿ ಉದ್ದ 4 ಅಡಿ ಅಗಲದ ಮ್ಯಾಟ್, ಆರು ಫೋಮ್ ಚೆಂಡುಗಳು ಮತ್ತು ಒಂದು ಕೈಪಿಡಿ. ಎಲ್ಲ ಸೇರಿ ನಾನು ಕೊಟ್ಟದ್ದು 11,400 ರೂಪಾಯಿ. ಒಂದು ಕೋಲು ತುದಿಯಲ್ಲಿ ಸೀಳಿಕೊಂಡೇ ಬಂದಿತ್ತು. ಮಾರಾಟಗಾರರಿಗೆ ಚಿತ್ರಸಹಿತ ಮೂರು ಸಲ ಬರೆದರೂ ಬದಲಿ ಕೋಲು ಇಂದಿಗೂ ಬಂದಿಲ್ಲ. ಸೀಳಿದ ಕಡೆಗೆ ತಾಮ್ರದ ತಂತಿ ಸುತ್ತಿ, ಮೇಲೆ ಪಿವಿಸಿ ಪೈಪಿನ ತುಂಡು ತೊಡಿಸಿ ಸರಿಪಡಿಸಿಕೊಂಡೆ. ಆ ದುರಸ್ತಿ ಈಗಲೂ ಗಟ್ಟಿಯಾಗಿದೆ. ಹಣ ಕೊಟ್ಟು ಕೊಂಡವರು ಮಾಡಬೇಕಾದ ಕೆಲಸ ಅದಲ್ಲ ಎಂಬ ಬೇಸರ ಮಾತ್ರ ಹಾಗೆಯೇ ಉಳಿದಿದೆ.

ಅಡಿಕೆ ಬೆಳೆಗಾರರ ಮನೆಯಲ್ಲಿ ಅಂಗಳ ಎಂಬುದು ಖಾಲಿ ಜಾಗವಲ್ಲ. ಕೊಯ್ಲು ಆರಂಭವಾದ ಮೇಲೆ ಹಣ್ಣಡಿಕೆ ಹರವಿದರೆ ಅದು ಒಣಗಿ ಚಾಲಿಯಾಗುವುದಕ್ಕೆ ಸುಮಾರು ನಲವತ್ತು ಬಿಸಿಲು ಬೇಕು, ಮತ್ತು ಒಂದು ಕೊಯ್ಲಿನದು ಒಣಗುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ. ಆದ್ದರಿಂದ ಬಲೆಯನ್ನು ಅಂಗಳದ ಅಂಚಿಗೆ, ಹಟ್ಟಿಯ ಹಿಂಬದಿಯ ಮಣ್ಣಿನ ಬರೆಗೆ ಒತ್ತಿ ನಿಲ್ಲಿಸಿದೆ. ತಪ್ಪಿದ ಚೆಂಡು ಬರೆಗೆ ಬಡಿದು ಅಲ್ಲೇ ಬೀಳಲಿ ಎಂಬುದು ಆ ಜಾಗ ಆರಿಸಲು ಕಾರಣ. ಸಾಮಾನ್ಯ ಆಟಗಾರನೊಬ್ಬ 7 ಐರನ್ ಎಂಬ ಕ್ಲಬ್ಬಿನಿಂದ, ಎಂದರೆ ಚೆಂಡು ಹೊಡೆಯುವ ಲೋಹದ ತಲೆಯ ಕೋಲಿನಿಂದ, ಸರಿಯಾಗಿ ಹೊಡೆದ ಚೆಂಡು ಗಂಟೆಗೆ 150 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹೊರಡುತ್ತದೆ. ಮನೆಯಲ್ಲಿ ಮಕ್ಕಳು, ಕೆಲಸದವರು, ದನಕರುಗಳು ಇರುವಾಗ ಬಲೆಯ ಹಿಂದೆ ಏನಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಜೂನಿನಿಂದೀಚೆಗೆ ಬಲೆ ಸೋಲಾರ್ ಗೂಡಿನ ಒಳಗೆ ಇದೆ. ಅಡಿಕೆ ಒಣಗಿಸಲು ಕಟ್ಟಿಸಿದ ಪ್ಲಾಸ್ಟಿಕ್ ಮಾಡಿನ ಆ ಗೂಡು ಮಳೆಗಾಲದಲ್ಲಿ ಖಾಲಿಯಿರುತ್ತದೆ, ನಡುವಿನಲ್ಲಿ 11 ಅಡಿ ಎತ್ತರವಿದೆ. ಐರನ್ನುಗಳಿಗೆ ಅಷ್ಟು ಸಾಕು. ಬಹು ದೂರ ಹೊಡೆಯುವುದಕ್ಕೆ ಬಳಸುವ ಉದ್ದನೆಯ ಕ್ಲಬ್ಬಾದ ಡ್ರೈವರನ್ನು ಮಾತ್ರ ಅದರೊಳಗೆ ಬೀಸುವ ಧೈರ್ಯ ನಾನು ಮಾಡಿಲ್ಲ.

ಇನ್ನು ಕೈಪಿಡಿ. ಅದರಲ್ಲಿ ಹನ್ನೆರಡು ಸೂಚನೆಗಳಿವೆ. ಎಡ ಮೊಣಕೈಯನ್ನು ಮಡಿಸಬಾರದು, ಬಲ ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಳ್ಳಬೇಕು, ತಲೆ ಅಲುಗಬಾರದು, ಸೊಂಟ ಇಷ್ಟು ತಿರುಗಬೇಕು, ಭುಜ ಅದರ ಎರಡರಷ್ಟು ತಿರುಗಬೇಕು, ಮಣಿಕಟ್ಟು ಇಂಥ ಕ್ಷಣದಲ್ಲಿ ಬಿಚ್ಚಬೇಕು ಎಂದು ಒಂದೊಂದು ಪುಟವೂ ದೇಹದ ಒಂದೊಂದು ಅಂಗವನ್ನು ಹೆಸರಿಸುತ್ತದೆ. ಒಂದೊಂದು ಸೂಚನೆಯನ್ನೂ ಬಿಡಿಯಾಗಿ ನೋಡಿದರೆ ತಪ್ಪೆನ್ನುವಂತಿಲ್ಲ, ಒಳ್ಳೆಯ ಆಟಗಾರರ ಚಿತ್ರಗಳಲ್ಲಿ ಇವೆಲ್ಲ ಕಾಣುತ್ತವೆ. ಚೆಂಡನ್ನು ಹೊಡೆಯುವಾಗ ಏನನ್ನು ಲಕ್ಷಿಸಬೇಕು ಎಂಬುದಕ್ಕೆ ಮಾತ್ರ ಆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ನಾನು ಮೊದಲ ಎರಡು ತಿಂಗಳು ಅದನ್ನು ಶ್ರದ್ಧೆಯಿಂದ ಪಾಲಿಸಿದೆ. ದಿನಕ್ಕೊಂದು ಸೂಚನೆಯಂತೆ ಹಿಡಿದು ಬೆಳಗ್ಗೆ ಅರುವತ್ತು ಚೆಂಡು ಹೊಡೆಯುತ್ತಿದ್ದೆ. ಕನ್ನಡಿಯಲ್ಲಿ ನೋಡಿದರೆ ಸ್ವಿಂಗ್, ಎಂದರೆ ಕ್ಲಬ್ಬಿನ ಬೀಸು, ಚೆನ್ನಾಗಿ ಕಾಣುತ್ತಿತ್ತು.

ಡಿಸೆಂಬರಿನಲ್ಲಿ ಪಿಲಿಕುಳಕ್ಕೆ ಹೋದಾಗ ಮೊದಲ ಟೀಯಲ್ಲಿಯೇ, ಎಂದರೆ ಆಟ ಶುರುಮಾಡುವ ಜಾಗದಲ್ಲಿಯೇ, ಚೆಂಡು ಬಲಕ್ಕೆ ಸೀಳಿಕೊಂಡು ಮರಗಳ ನಡುವೆ ಹೋಯಿತು. ಎರಡನೆಯದು ಕ್ಲಬ್ಬಿನ ಹಿಮ್ಮಡಿಗೆ, ಎಂದರೆ ಹಿಡಿಕೋಲು ತಲೆಯನ್ನು ಕೂಡುವ ಕುಣಿಕೆಗೆ ತಾಗಿ, ಬಹುತೇಕ ಅಡ್ಡಕ್ಕೇ ಚಿಮ್ಮಿತು. ಆ ದಿನ ಪೂರ್ತಿ ನಾನು ಮೊಣಕೈ, ಸೊಂಟ, ಮಣಿಕಟ್ಟುಗಳನ್ನು ಕಾಯುತ್ತಿದ್ದೆನೇ ಹೊರತು ಚೆಂಡನ್ನು ಎಲ್ಲಿಗೆ ಕಳುಹಿಸಬೇಕೆಂಬುದು ತಲೆಯಲ್ಲಿ ಇರಲಿಲ್ಲ. ಎರಡು ತಿಂಗಳು ದಿನವೂ ಬೆವರು ಸುರಿಸಿ ಅಭ್ಯಾಸ ಮಾಡಿದ್ದು ಇದನ್ನೇ ಎಂಬುದು ಹಿಂತಿರುಗುವ ದಾರಿಯಲ್ಲಿ ಹೊಳೆದಾಗ ನಿಜಕ್ಕೂ ನೋವಾಯಿತು.

ಇದರಲ್ಲಿ ಬಲೆಯ ಪಾಲು ಏನು ಎಂಬುದನ್ನು ಆಮೇಲೆ ಯೋಚಿಸಿದೆ. ತೆರೆದ ಮೈದಾನದಲ್ಲಿ ಹೊಡೆದರೆ ಚೆಂಡು ಹಾರುವುದು ಕಾಣುತ್ತದೆ. ಅದು ಎಡಕ್ಕೆ ಬಾಗಿತೋ, ಬಲಕ್ಕೆ ಬಾಗಿತೋ, ಎಲ್ಲಿ ಬಿತ್ತು ಎಂಬುದನ್ನು ಕಣ್ಣು ಹಿಂಬಾಲಿಸುತ್ತದೆ, ಮನಸ್ಸೂ ಕಣ್ಣಿನ ಹಿಂದೆ ಹೋಗುತ್ತದೆ. ಬಲೆಯಲ್ಲಿ ಚೆಂಡಿನ ಪಯಣ ಹತ್ತು ಅಡಿಗೆ ಮುಗಿಯುತ್ತದೆ. ಹೊರಗೆ ನೋಡುವುದಕ್ಕೆ ಏನೂ ಉಳಿಯದಿರುವಾಗ ಮನಸ್ಸು ತಾನಾಗಿ ಒಳಕ್ಕೆ, ಕೈಕಾಲುಗಳ ಕಡೆಗೆ ತಿರುಗುತ್ತದೆ. ಅದರ ಜೊತೆಗೆ ಹನ್ನೆರಡು ಅಂಗಗಳ ಪಟ್ಟಿಯನ್ನೂ ಕೊಟ್ಟರೆ ಹೇಳುವುದೇ ಬೇಡ. ಕಾಲದ ಲೆಕ್ಕವೂ ಇಲ್ಲಿ ಮುಖ್ಯ. ಕ್ಲಬ್ ಮೇಲಿನಿಂದ ಕೆಳಗಿಳಿದು ಚೆಂಡನ್ನು ತಾಗಲು ಸುಮಾರು ಕಾಲು ಸೆಕೆಂಡು ಸಾಕು. ಚೆಂಡು ಕ್ಲಬ್ಬಿನ ಮುಖಕ್ಕೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದರಷ್ಟು ಹೊತ್ತು. ಕಣ್ಣಿಗೆ ಕಂಡ ಒಂದು ಸಂಕೇತಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕಾಗುತ್ತದೆ. ಎಂದಮೇಲೆ ಇಳಿಯುವ ಕ್ಲಬ್ಬಿನ ನಡುದಾರಿಯಲ್ಲಿ ಮೊಣಕೈಯನ್ನು ನೆನೆದು ತಿದ್ದುವುದು ಆಗುವ ಮಾತಲ್ಲ. ತಿದ್ದಲು ಹೊರಟ ಮನಸ್ಸು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ಅಷ್ಟೆ.

ಈ ವಿಚಾರದಲ್ಲಿ ಗಂಭೀರವಾದ ಅಧ್ಯಯನಗಳು ನಡೆದಿವೆ. ಗೇಬ್ರಿಯೆಲೆ ವುಲ್ಫ್ ಎಂಬ ಜರ್ಮನ್ ಮೂಲದ ಸಂಶೋಧಕಿ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಅಭ್ಯಾಸ ಮಾಡುತ್ತಿದ್ದಾಗ, ತನ್ನ ಪಾದಗಳ ಒತ್ತಡವನ್ನು ಗಮನಿಸುವುದನ್ನು ಬಿಟ್ಟು ಹಲಗೆ ವಾಲುವುದನ್ನು ಗಮನಿಸಿದೊಡನೆ ತಿರುವು ಸುಲಭವಾದದ್ದನ್ನು ಕಂಡು ಈ ದಾರಿ ಹಿಡಿದವರು. 1999ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಗಾಲ್ಫನ್ನೇ ಎತ್ತಿಕೊಂಡು ಒಂದು ಪ್ರಯೋಗ ಪ್ರಕಟಿಸಿದರು. ಹಿಂದೆ ಗಾಲ್ಫ್ ಆಡದವರ ಕೈಗೆ 9 ಐರನ್ ಕೊಟ್ಟು 15 ಮೀಟರ್ ದೂರದ ಗುರಿಗೆ ಚೆಂಡು ಎತ್ತಿ ಹಾಕಲು ಹೇಳಿದರು. ಒಂದು ಗುಂಪಿಗೆ ತೋಳುಗಳ ಚಲನೆಯನ್ನು ಗಮನಿಸಿ ಎಂದರು, ಇನ್ನೊಂದಕ್ಕೆ ಕ್ಲಬ್ಬಿನ ಬೀಸನ್ನು ಗಮನಿಸಿ ಎಂದರು. ತೋಳಿಗೂ ಕ್ಲಬ್ಬಿಗೂ ನಡುವೆ ಒಂದು ಹಿಡಿಕೆಯಷ್ಟೇ ಅಂತರ. ಆದರೂ ಕ್ಲಬ್ಬನ್ನು ಗಮನಿಸಿದವರ ಹೊಡೆತಗಳು ಅಭ್ಯಾಸದ ವೇಳೆಯಲ್ಲಿಯೂ, ಮರುದಿನ ಯಾವ ಸೂಚನೆಯೂ ಇಲ್ಲದೆ ಹೊಡೆದಾಗಲೂ ಹೆಚ್ಚು ನಿಖರವಾಗಿದ್ದವು. ಮರುದಿನವೂ ಆ ವ್ಯತ್ಯಾಸ ಉಳಿಯಿತು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು, ಏಕೆಂದರೆ ಅಂಗಳದಲ್ಲಿ ನಾನು ಮಾಡುವುದು ಕೂಡ ಇನ್ನೊಂದು ದಿನಕ್ಕಾಗಿಯೇ. 2005ರಲ್ಲಿ ಬಾಸ್ಕೆಟ್‌ಬಾಲಿನ ಫ್ರೀ ಥ್ರೋ ಕುರಿತು ನಡೆದ ಇನ್ನೊಂದು ಅಧ್ಯಯನದಲ್ಲಿ, ಮಣಿಕಟ್ಟಿನ ಬದಲು ರಿಂಗನ್ನು ಗಮನಿಸಿದವರ ಗುರಿ ಹೆಚ್ಚು ಸರಿಯಿತ್ತು, ತೋಳಿನ ಸ್ನಾಯುಗಳ ವಿದ್ಯುತ್ ಚಟುವಟಿಕೆಯೂ ಕಡಿಮೆಯಿತ್ತು. ಕಡಿಮೆ ಬಿಗಿತದಲ್ಲಿ ಹೆಚ್ಚು ನಿಖರತೆ ದೊರೆಯುವುದಾದರೆ ಆಟಗಾರನಿಗೆ ಅದಕ್ಕಿಂತ ಹೆಚ್ಚಿನದು ಏನು ಬೇಕು?

ಲಕ್ಷ್ಯವನ್ನು ದೇಹದ ಹೊರಗೆ ಇಡಬೇಕು ಎಂದರೆ ಎಷ್ಟು ಹೊರಗೆ ಎಂಬ ಪ್ರಶ್ನೆಯೂ ಉಂಟು. 2009ರಲ್ಲಿ ಬೆಲ್ ಮತ್ತು ಹಾರ್ಡಿ ಎಂಬವರು ನುರಿತ ಗಾಲ್ಫ್ ಆಟಗಾರರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಮಣಿಕಟ್ಟನ್ನೂ, ಒಂದಕ್ಕೆ ಕ್ಲಬ್ಬಿನ ಮುಖವನ್ನೂ, ಇನ್ನೊಂದಕ್ಕೆ ಚೆಂಡಿನ ಹಾರಾಟವನ್ನೂ ಗಮನಿಸಲು ಹೇಳಿದರು. ಚೆಂಡಿನ ಹಾರಾಟವನ್ನು ಲಕ್ಷಿಸಿದವರು ಎಲ್ಲರಿಗಿಂತ ಮುಂದಿದ್ದರು, ಕ್ಲಬ್ಬಿನ ಮುಖವನ್ನು ಲಕ್ಷಿಸಿದವರು ನಡುವೆ, ಮಣಿಕಟ್ಟಿನವರು ಹಿಂದೆ. ಆತಂಕ ಉಂಟುಮಾಡಿ ಆಡಿಸಿದಾಗಲೂ ಈ ಕ್ರಮ ಬದಲಾಗಲಿಲ್ಲ. ಇದಕ್ಕೆ ಎದುರಾದ ಸಾಕ್ಷ್ಯವನ್ನೂ ಹೇಳಬೇಕು. 2003ರಲ್ಲಿ ಪರ್ಕಿನ್ಸ್-ಚೆಕ್ಕಾಟೊ ಮತ್ತಿತರರು ನಡೆಸಿದ ಪ್ರಯೋಗದಲ್ಲಿ, ನುರಿತವರಿಗೆ ಹೊರಗಿನ ಲಕ್ಷ್ಯ ಒದಗಿಬಂದರೂ, ಕಡಿಮೆ ನೈಪುಣ್ಯದವರ ಹೊಡೆತಗಳು ಸ್ವಿಂಗನ್ನೇ ಗಮನಿಸಿದಾಗ ಹೆಚ್ಚು ಏಕರೂಪವಾಗಿದ್ದವು. ಆದ್ದರಿಂದ ಕ್ಲಬ್ ಹಿಡಿಯುವುದನ್ನು ಇಂದು ಕಲಿಯುತ್ತಿರುವವರಿಗೆ ಕೈಯನ್ನು ನೋಡಲೇಬೇಡಿ ಎಂದು ನಾನು ಹೇಳಲಾರೆ. ಹಿಡಿತ, ನಿಲುವು, ಚೆಂಡಿನಿಂದ ಇರುವ ದೂರ, ಇವುಗಳನ್ನು ನೋಡಿಯೇ ಸರಿಮಾಡಿಕೊಳ್ಳಬೇಕು. ಆದರೆ ಅದಕ್ಕೆ ಕ್ಲಬ್ ಅಲುಗುವ ಮೊದಲೇ ಬೇಕಾದಷ್ಟು ಸಮಯವಿದೆ.

ಓದಿದ್ದೆಲ್ಲ ಮನಸ್ಸಿಗೆ ಇಳಿದದ್ದು ಜನವರಿಯ ಒಂದು ಬೆಳಗ್ಗೆ ತೋಟದಲ್ಲಿ. ಈಗ ಮರ ಹತ್ತುವವರು ಕಡಿಮೆ, ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಕೊಯ್ಲು ಮಾಡುತ್ತಾರೆ. ಗಾಲ್ಫ್ ಕ್ಲಬ್ಬಿನ ಗ್ರಾಫೈಟ್ ಶಾಫ್ಟ್ ಕೂಡ ಅದೇ ಕಾರ್ಬನ್ ನಾರಿನಿಂದ ಆದದ್ದು. ಆ ದಿನ ಬಂದಿದ್ದ ಕೊಯ್ಲುಗಾರರು ಐವತ್ತು ಅಡಿ ಎತ್ತರದ ಮರದ ಬುಡದಲ್ಲಿ ನಿಂತು ದೋಟಿಯನ್ನು ಒಂದೊಂದೇ ಹಂತ ಉದ್ದಮಾಡುತ್ತಾ ಮೇಲಕ್ಕೆ ಏರಿಸಿದರು. ಗಾಳಿಗೆ ಮರ ತೂಗುತ್ತಿತ್ತು, ದೋಟಿಯ ತುದಿಯೂ ತೂಗುತ್ತಿತ್ತು. ಅವರ ಕತ್ತು ಹಿಂದಕ್ಕೆ ಬಾಗಿತ್ತು, ಕಣ್ಣು ಗೊನೆಯ ತೊಟ್ಟಿನ ಮೇಲಿತ್ತು, ಕೈಗಳು ಎದೆಯ ಮಟ್ಟದಲ್ಲಿ ತಮ್ಮಷ್ಟಕ್ಕೆ ಮೇಲೆ ಕೆಳಗೆ ಜಾರುತ್ತಿದ್ದವು. ಕತ್ತಿ ತೊಟ್ಟಿಗೆ ಕೂತ ಕ್ಷಣದಲ್ಲಿ ಒಂದೇ ಎಳೆತ, ಗೊನೆ ಕೆಳಗೆ. ಎಳೆಯುವಾಗ ಏನನ್ನು ಗಮನಿಸುತ್ತೀರಿ ಎಂದು ಕೇಳಿದೆ. ಕತ್ತಿಯ ಬಾಯಿ ತೊಟ್ಟಿಗೆ ಕೂತಿತೋ ಎಂದಷ್ಟೇ ನೋಡುವುದು, ಕೈಯನ್ನು ಯಾರು ನೋಡುತ್ತಾರೆ ಎಂದರು. ಆ ಉತ್ತರ ಕೇಳಿ ಬಂದವನು ಕೈಪಿಡಿಯನ್ನು ಅಟ್ಟಕ್ಕೆ ಹಾಕಿದೆ.

ನಮ್ಮ ಭಾಷೆಯಲ್ಲಿ ಗುರಿಗೂ ಗಮನಕ್ಕೂ ಲಕ್ಷ್ಯ ಎಂಬ ಒಂದೇ ಪದ ಒದಗುತ್ತದೆ. ಲಕ್ಷ್ಯ ಇಟ್ಟು ಹೊಡೆ ಎಂದರೆ ಗಮನವಿಡು ಎಂದೂ ಆಗುತ್ತದೆ, ಗುರಿಯಿಡು ಎಂದೂ ಆಗುತ್ತದೆ. ಅಭ್ಯಾಸದ ಬಲೆಯಲ್ಲಿ ಇವೆರಡೂ ಬೇರೆಯಾಗದಂತೆ ನೋಡಿಕೊಳ್ಳುವುದೇ ಕೆಲಸ ಎಂದು ತೀರ್ಮಾನಿಸಿ ಜನವರಿಯಿಂದ ಕ್ರಮ ಬದಲಿಸಿದೆ. ಹೀಗೆ ನೋಡಿದಾಗ ಈ ಕಿಟ್ಟಿನಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಗುರಿಬಟ್ಟೆ. ಬಟ್ಟೆಯ ನಡುವಿನ ವೃತ್ತದ ತ್ರಿಜ್ಯ 10 ಸೆಂಟಿಮೀಟರ್. ನಾನು ಚೆಂಡನ್ನು ಬಲೆಯಿಂದ 3 ಮೀಟರ್ ಈಚೆಗೆ ಇಡುತ್ತೇನೆ. ಅಷ್ಟು ದೂರದಲ್ಲಿ ಒಂದು ಡಿಗ್ರಿ ಓರೆಯಾದರೆ ಬಟ್ಟೆಯ ಮೇಲೆ ಸುಮಾರು 5 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಅದೇ ಒಂದು ಡಿಗ್ರಿ 130 ಮೀಟರ್ ದೂರದಲ್ಲಿ ಸುಮಾರು 2.3 ಮೀಟರ್. ಎಂದರೆ ನಡುವೃತ್ತದ ಅಂಚಿಗೆ ತಾಗಿದ ಚೆಂಡು ನೇರವಾಗಿಯೇ ಹಾರುತ್ತದೆ ಎಂದಿಟ್ಟುಕೊಂಡರೆ ಕುಳಿಯ ಗುರುತಿನ ಧ್ವಜದಿಂದ ನಾಲ್ಕೂವರೆ ಮೀಟರಿನೊಳಗೆ ಬೀಳುತ್ತದೆ. ನನ್ನಂಥ ಆಟಗಾರನಿಗೆ ಅದು ಬಹಳ ಒಳ್ಳೆಯ ಹೊಡೆತ. ಈ ಲೆಕ್ಕ ತಲೆಯಲ್ಲಿ ಕೂತ ಮೇಲೆ ಬಟ್ಟೆಯ ವೃತ್ತ ನನಗೆ ಕೇವಲ ಬಟ್ಟೆಯಾಗಿ ಉಳಿಯಲಿಲ್ಲ. ಅದರ ಹಿಂದೆ ಪಿಲಿಕುಳದ ಹಸಿರನ್ನು, ಧ್ವಜವನ್ನು, ಚೆಂಡು ಏರಿ ಇಳಿಯುವ ಕಮಾನನ್ನು ಕಂಡುಕೊಂಡು ಹೊಡೆಯುವುದನ್ನು ರೂಢಿಸಿಕೊಂಡೆ. ಬಲೆ ಕಿತ್ತುಕೊಂಡ ಹಾರಾಟವನ್ನು ಮನಸ್ಸಿನಿಂದ ತುಂಬಿಕೊಡುವ ಬಗೆ ಇದು.

ಬಟ್ಟೆ ಹೇಳದ ಸಂಗತಿಯೂ ಇದೆ. ಚೆಂಡು ಹೊರಡುವ ದಿಕ್ಕಿನಲ್ಲಿ ಮುಕ್ಕಾಲು ಪಾಲು, ಅದಕ್ಕಿಂತಲೂ ಹೆಚ್ಚು, ಕ್ಲಬ್ಬಿನ ಮುಖ ಯಾವ ಕಡೆಗೆ ತೆರೆದಿತ್ತು ಎಂಬುದರಿಂದ ನಿರ್ಧಾರವಾಗುತ್ತದೆ. ಆಮೇಲೆ ಅದು ಬಾಗುವುದು, ಆ ಮುಖಕ್ಕೂ ಕ್ಲಬ್ ಬೀಸಿಬಂದ ಹಾದಿಗೂ ಇರುವ ವ್ಯತ್ಯಾಸದಿಂದ. ಮೊದಲಿನದು ಬಟ್ಟೆಯ ಮೇಲೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ನಡುವೃತ್ತಕ್ಕೆ ತಾಗಿದ ಚೆಂಡು ಮೈದಾನದಲ್ಲಿ ಸ್ಲೈಸ್ ಆಗಿ ಬಲಕ್ಕೆ ಹೋಗಬಹುದಾದ ಚೆಂಡೇ ಆಗಿರಬಹುದು. ಇದಕ್ಕಾಗಿ ನಾನು ಮಾಡಿಕೊಂಡ ಉಪಾಯ ಸರಳವಾದದ್ದು. ಒಣಗಿದ ಅಡಿಕೆ ಹಾಳೆಯಿಂದ ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿ, ಚೆಂಡಿನ ಎರಡು ಅಡಿ ಮುಂದೆ, ಗುರಿಯ ಗೆರೆಯ ಮೇಲೆ ಇಡುತ್ತೇನೆ. ಜ್ಯಾಕ್ ನಿಕ್ಲಸ್ ತಮ್ಮ ಆಟದ ಕಾಲದಲ್ಲಿ ಚೆಂಡಿನ ಸ್ವಲ್ಪ ಮುಂದಿನ ಎಲೆಯನ್ನೋ ಕಲೆಯನ್ನೋ ಹಿಡಿದು ಅದರ ಮೇಲಿನಿಂದ ಗುರಿಯನ್ನು ಹೊಂದಿಸಿಕೊಳ್ಳುತ್ತಿದ್ದುದು ಪ್ರಸಿದ್ಧ. ನಾನು ಆ ಪಟ್ಟಿಯ ಮೇಲೆ ಕ್ಲಬ್ಬಿನ ತಲೆ ಹಾದುಹೋಗಬೇಕು ಎಂಬ ಒಂದೇ ಆಶಯವನ್ನು ಇಟ್ಟುಕೊಂಡು ಬೀಸುತ್ತೇನೆ. ಸೊಂಟವನ್ನು ತಿರುಗಿಸು ಎಂದು ಯಾರೂ ಹೇಳದಿದ್ದರೂ, ಕ್ಲಬ್ಬಿನ ತಲೆ ಆ ಪಟ್ಟಿಯ ದಾರಿಯಲ್ಲಿ ಹೋಗಬೇಕಾದರೆ ಸೊಂಟ ತಿರುಗಲೇಬೇಕು, ತಿರುಗುತ್ತದೆ.

ಪೆಟ್ಟಿನ ಗುರುತು ನೋಡುವುದಕ್ಕೆ ಮುಖಕ್ಕೆ ಹಚ್ಚುವ ಪೌಡರನ್ನು ಕ್ಲಬ್ಬಿನ ಮುಖದ ಮೇಲೆ ತೆಳುವಾಗಿ ಸವರುತ್ತೇನೆ. ಹೊಡೆದ ಮೇಲೆ ಚೆಂಡು ಕೂತ ಕಡೆ ರೂಪಾಯಿ ನಾಣ್ಯದಷ್ಟು ದುಂಡನೆಯ ಗುರುತು ಉಳಿಯುತ್ತದೆ. ಹಿಮ್ಮಡಿಯ ಕಡೆಗೆ ಸರಿದ ಗುರುತು, ಮೂಗಿನ (ತಲೆಯ ಹೊರತುದಿಯ) ಕಡೆಗೆ ಸರಿದ ಗುರುತು, ನಡುವಿನದು ಎಂದು ಹತ್ತು ಹೊಡೆತಗಳ ಗುರುತನ್ನು ನೋಡಿದರೆ ಆ ದಿನದ ಸ್ವಿಂಗ್ ಹೇಗಿದೆಯೆಂದು ತಿಳಿಯಲು ಯಾವ ಕನ್ನಡಿಯೂ ಬೇಡ. ಕಿವಿಯೂ ಅಷ್ಟೇ ಉಪಯುಕ್ತ. ನಡುವಿಗೆ ತಾಗಿದ ಚೆಂಡಿನ ಸದ್ದು ಗಿಡ್ಡ, ಗಟ್ಟಿ. ತುದಿಗೆ ತಾಗಿದ್ದರ ಸದ್ದಿನಲ್ಲಿ ಒಂದು ಒಡಕು ಇರುತ್ತದೆ, ಅದು ಅಂಗೈಗೂ ಚುಚ್ಚುತ್ತದೆ. ಮುಂಜಾನೆ ಅಂಗಳ ನಿಶ್ಶಬ್ದವಾಗಿರುವಾಗ ಆ ಗಟ್ಟಿ ಸದ್ದನ್ನು ಮೊದಲು ಮನಸ್ಸಿನಲ್ಲಿ ಕೇಳಿಕೊಂಡು, ಆಮೇಲೆ ಅದನ್ನು ಹುಟ್ಟಿಸಲೆಂದು ಬೀಸುವುದು ನನಗೆ ಬಹಳ ಫಲ ಕೊಟ್ಟ ಅಭ್ಯಾಸ. ಗುರುತೂ ಸದ್ದೂ ನನ್ನ ದೇಹದ ಹೊರಗೆ ಇರುವಂಥವು, ನನ್ನ ಕ್ರಿಯೆಯ ಪರಿಣಾಮಗಳು. ಮನಸ್ಸಿಗೆ ಹಿಡಿದುಕೊಳ್ಳಲು ಬಲೆಯಲ್ಲಿ ಸಿಗುವ ಆಸರೆ ಇವೇ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಮನಸ್ಸು ಗುರಿಯಲ್ಲಿರಬೇಕು ಎಂದರೆ ಕಣ್ಣೂ ಗುರಿಯಲ್ಲಿರಬೇಕು ಎಂದಲ್ಲ. ಗಾಲ್ಫಿನಲ್ಲಿ ಕಣ್ಣು ಚೆಂಡಿನ ಮೇಲೆ ನಿಂತಿರುತ್ತದೆ, ಲಕ್ಷ್ಯ ಬೇರೆ ಕಡೆಗೆ ಇರುತ್ತದೆ. ಈ ಎರಡನ್ನೂ ಬೇರ್ಪಡಿಸುವುದು ಮೊದಲಿಗೆ ಕಷ್ಟ. ಕೆನಡಾದ ಜೋನ್ ವಿಕರ್ಸ್ 1992ರಲ್ಲಿ ಪಟಿಂಗ್ (ಚೆಂಡನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಹಾಕುವ ಹೊಡೆತ) ಮಾಡುವವರ ಕಣ್ಣಿನ ಚಲನೆಯನ್ನು ಅಳೆದು, ನುರಿತವರ ನೋಟ ಹೊಡೆಯುವ ಮುನ್ನ ಚೆಂಡಿನ ಒಂದೇ ಬಿಂದುವಿನಲ್ಲಿ ಹೆಚ್ಚು ಹೊತ್ತು ನಿಶ್ಚಲವಾಗಿರುವುದನ್ನೂ, ಚೆಂಡು ಹೊರಟ ಮೇಲೂ ಕ್ಷಣಕಾಲ ಅಲ್ಲಿಯೇ ಉಳಿಯುವುದನ್ನೂ ತೋರಿಸಿದರು. ಬಲೆಯ ಎದುರು ಇದನ್ನು ಅಭ್ಯಾಸ ಮಾಡುವುದು ಮೈದಾನಕ್ಕಿಂತ ಸುಲಭ ಎಂಬುದು ನನ್ನ ಅನುಭವ. ಚೆಂಡು ಎಲ್ಲಿಗೆ ಹೋಯಿತೆಂದು ತಲೆಯೆತ್ತುವ ಆತುರ ಇಲ್ಲಿಲ್ಲ, ಅದು ಬಲೆಗೆ ಬಡಿದ ಸದ್ದು ಬರುವವರೆಗೆ ಚೆಂಡು ಇದ್ದ ಜಾಗವನ್ನು ನೋಡುತ್ತಾ ಇರಬಹುದು. ಬಲೆಯ ಕೊರತೆಯೇ ಇಲ್ಲಿ ಗುಣವಾಗುತ್ತದೆ.

ಈಗ ಬೆಳಗ್ಗೆ ಹೊಡೆಯುವುದು ಅರುವತ್ತಲ್ಲ, ಇಪ್ಪತ್ತೈದು. ಪ್ರತಿ ಚೆಂಡಿಗೂ ಮೊದಲು ಮ್ಯಾಟಿನ ಹಿಂದೆ ನಿಂತು ಗುರಿಯನ್ನು ಕಾಣುತ್ತೇನೆ, ಹಿಡಿತ ನಿಲುವುಗಳನ್ನು ಆಗಲೇ ಮುಗಿಸಿಕೊಳ್ಳುತ್ತೇನೆ, ಚೆಂಡಿನ ಬಳಿ ಹೋದ ಮೇಲೆ ಒಂದೇ ಸಂಗತಿ ಮನಸ್ಸಿನಲ್ಲಿ ಇರುತ್ತದೆ: ಹಾಳೆಯ ಪಟ್ಟಿ, ಅಥವಾ ವೃತ್ತ, ಅಥವಾ ಸದ್ದು. ಎರಡನ್ನು ಬೆರೆಸುವುದಿಲ್ಲ. ಮಾರ್ಚಿನಲ್ಲಿಯೂ ಏಪ್ರಿಲಿನಲ್ಲಿಯೂ ಪಿಲಿಕುಳದಲ್ಲಿ ಆಡಿದಾಗ ಹಿಮ್ಮಡಿಗೆ ತಾಗುವ ಹೊಡೆತ ಒಂದೂ ಬರಲಿಲ್ಲ. ಸ್ಲೈಸ್ ಪೂರ್ತಿ ಹೋಗಿಲ್ಲ, ಆದರೆ ಯಾವ ಹೊಡೆತದಲ್ಲಿ ಬರುತ್ತದೆಂದು ಈಗ ನನಗೆ ಗೊತ್ತಾಗುತ್ತದೆ: ಚೆಂಡು ದಾಟಬೇಕಾದ ನೀರಿನ ಎದುರು ನಿಂತಾಗ, ಮನಸ್ಸು ಮತ್ತೆ ಕೈಗೆ ಇಳಿದಾಗ.

ಕಿಟ್ಟಿನ ಉಳಿದ ಭಾಗಗಳ ಬಗ್ಗೆ. ಮ್ಯಾಟ್ ನನಗೆ ತೃಪ್ತಿ ಕೊಟ್ಟಿಲ್ಲ. ಅಡಿಯ ಫೋಮ್ ತೆಳು, ಮೇಲಿನ ಹುಲ್ಲು ಗಟ್ಟಿ. ಚೆಂಡಿನ ಹಿಂದೆ ಒಂದು ಅಂಗುಲ ನೆಲಕ್ಕೆ ತಾಗಿದ ಕ್ಲಬ್ ಹುಲ್ಲುನೆಲದಲ್ಲಿ ಮಣ್ಣು ಕಚ್ಚಿ ನಿಲ್ಲುತ್ತದೆ. ಈ ಮ್ಯಾಟಿನಲ್ಲಿ ಅದು ಜಾರಿ ಮುಂದೆ ಹೋಗಿ ಚೆಂಡನ್ನು ಚೆನ್ನಾಗಿಯೇ ಎತ್ತುತ್ತದೆ, ತಪ್ಪು ತಿಳಿಯುವುದೇ ಇಲ್ಲ. ಗಟ್ಟಿ ಸಿಮೆಂಟಿನ ಮೇಲೆ ಹಾಸಿದರೆ ಮೊಣಕೈಗೂ ನೋವು. ನಾನು ಅಡಿಯಲ್ಲಿ ತೆಂಗಿನ ನಾರಿನ ಹಾಸೊಂದನ್ನು ಎರಡು ಮಡಿಕೆ ಮಾಡಿ ಹಾಕಿದ್ದೇನೆ, ನೋವು ಕಡಿಮೆಯಾಗಿದೆ. ಸದ್ದಿಗೆ ಲಕ್ಷ್ಯ ಕೊಡಲು ಕಲಿತ ಮೇಲೆ ಆ ಜಾರಿದ ಹೊಡೆತವೂ ಕಿವಿಗೆ ಸಿಕ್ಕಿಬೀಳುತ್ತದೆ, ಅದರಲ್ಲಿ ಎರಡು ಸದ್ದು ಇರುತ್ತದೆ. ಫೋಮ್ ಚೆಂಡುಗಳನ್ನು ಮಕ್ಕಳಿಗೆ ಕೊಟ್ಟೆ. ನಿಯಮದ ಗಾಲ್ಫ್ ಚೆಂಡಿನ ತೂಕ 45.93 ಗ್ರಾಮಿಗೆ ಮೀರಬಾರದು, ಒಳ್ಳೆಯ ಚೆಂಡುಗಳು ಆ ತೂಕಕ್ಕೆ ತೀರ ಹತ್ತಿರ ಇರುತ್ತವೆ. ಫೋಮ್ ಚೆಂಡು ಅದರ ಒಂದು ಸಣ್ಣ ಪಾಲಿನಷ್ಟೂ ಇಲ್ಲ, ಪೆಟ್ಟಿನ ಸದ್ದನ್ನೂ ಅಂಗೈಯ ಅನುಭವವನ್ನೂ ಅದು ಕೊಡುವುದಿಲ್ಲ. ಗುರಿಬಟ್ಟೆಯ ಹೊಲಿಗೆ ಐದನೆಯ ತಿಂಗಳಿಗೆ ಮೇಲಂಚಿನಲ್ಲಿ ಬಿಚ್ಚಿತು, ಪೇಟೆಯ ದರ್ಜಿಯವರಿಂದ ಎರಡು ಸಾಲು ಹೊಲಿಸಿಕೊಂಡೆ. ಬಲೆ ಮಾತ್ರ ಚೆನ್ನಾಗಿ ಬಾಳುತ್ತಿದೆ. ಸಾವಿರಾರು ಹೊಡೆತಗಳ ಮೇಲೂ ಒಂದೇ ಒಂದು ಕಣ್ಣು ಹರಿದಿಲ್ಲ, ನಮ್ಮ ಕರಾವಳಿಯ ತೇವಕ್ಕೆ ಅಲ್ಲಲ್ಲಿ ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಉಜ್ಜಿದರೆ ಹೋಗುತ್ತದೆ. ಕೋಲುಗಳ ಕೀಲಿನ ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ, ಮಳೆಗಾಲಕ್ಕೆ ಮೊದಲು ಎಣ್ಣೆ ಸವರುವುದು ಅಗತ್ಯ.

ಆಡಲು ಬಲ್ಲ, ಮೈದಾನದಿಂದ ದೂರವಿರುವ ಯಾರಾದರೂ ಕೇಳಿದರೆ ಈ ಬಲೆಯನ್ನು ಕೊಳ್ಳಿ ಎಂದೇ ಹೇಳುತ್ತೇನೆ. ಬಲೆ ಮತ್ತು ಗುರಿಬಟ್ಟೆ ಮಾತ್ರ ಬಿಡಿಯಾಗಿ ಸಿಗುವುದಾದರೆ ಅಷ್ಟನ್ನೇ ತೆಗೆದುಕೊಂಡು, ಉಳಿದ ಹಣದಲ್ಲಿ ದಪ್ಪ ಫೋಮಿನ ಒಳ್ಳೆಯ ಮ್ಯಾಟೊಂದನ್ನು ಬೇರೆಯಾಗಿ ತರಿಸುವುದು ಲೇಸು. ಎಂದೂ ಕ್ಲಬ್ ಹಿಡಿಯದವರು ಇದನ್ನು ಮೊದಲ ಗುರುವನ್ನಾಗಿ ಮಾಡಿಕೊಳ್ಳಬಾರದು. ಚೆಂಡು ಹಾರುವುದನ್ನು ಕಣ್ಣಾರೆ ಕಂಡಿರದ ಮನಸ್ಸಿಗೆ ಬಟ್ಟೆಯ ಹಿಂದೆ ಕಂಡುಕೊಳ್ಳಲು ಏನೂ ಇರುವುದಿಲ್ಲ. ಅಂಥವರು ಮೊದಲು ಕೆಲವು ವಾರ ಮೈದಾನದಲ್ಲಿ, ತರಬೇತುದಾರರ ಎದುರು ಹೊಡೆಯಲಿ. ಡ್ರೈವರಿನ ಅಭ್ಯಾಸಕ್ಕೆ 7 ಅಡಿಯ ಎತ್ತರ ಸಾಲದು, ತಪ್ಪಿ ತಾಗಿದ ಚೆಂಡು ಮೇಲಿನಿಂದ ಹಾರಿಹೋಗುವ ಅಪಾಯವಿದೆ. ಅದಕ್ಕೆ 10 ಅಡಿ ಎತ್ತರದ ಬಲೆಯನ್ನೇ ನೋಡಬೇಕು. ನಾನು ಮಳೆಗಾಲ ಮುಗಿದ ಮೇಲೆ ಮ್ಯಾಟನ್ನು ಬದಲಿಸುವವನಿದ್ದೇನೆ, ಗುರಿಬಟ್ಟೆಯ ಅಳತೆ ಕೊಟ್ಟು ಇನ್ನೊಂದನ್ನು ಗಟ್ಟಿ ಕ್ಯಾನ್ವಾಸಿನಲ್ಲಿ ಹೊಲಿಸಲು ದರ್ಜಿಯವರಿಗೆ ಹೇಳಿಯಾಗಿದೆ. ಅದರ ನಡುವೃತ್ತದ ತ್ರಿಜ್ಯವನ್ನು 10ರ ಬದಲು 7 ಸೆಂಟಿಮೀಟರಿಗೆ ಇಳಿಸಿದ್ದೇನೆ.